ಜಂಟಿ ಜಮೀನಿನ ಕ್ರಯದ ಕರಾರು: ಒಬ್ಬ ಹಿಸ್ಸೇದಾರ ತಪ್ಪಿದಾಗ ಖರೀದಿದಾರನಿಗೆ ದಕ್ಕುವುದೆಷ್ಟು?

ಜಂಟಿ ಒಡೆತನದ ಜಮೀನನ್ನು ಒಬ್ಬನೇ ಹಿಸ್ಸೇದಾರ ಮಾರಲು ಒಪ್ಪಿ, ಮುಂಗಡ ಪಡೆದು, ಆಮೇಲೆ ಕರಾರಿಗೆ ತಪ್ಪಿದರೆ ಖರೀದಿದಾರನ ಗತಿಯೇನು? ಕರಾರಿನಲ್ಲಿ ಇಡೀ ಜಮೀನನ್ನೇ ಬರೆದಿದ್ದರೂ ಪರಿಹಾರ ಮಾತ್ರ ಸಹಿ ಮಾಡಿದವನ ಹಿಸ್ಸೆಯನ್ನು ದಾಟುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ. ಉಳಿದವರು ಅಧಿಕಾರ ಕೊಟ್ಟಿದ್ದ ಪ್ರಕರಣಗಳೂ ಅವಿಭಕ್ತ ಕುಟುಂಬದ ಯಜಮಾನ ಕುಟುಂಬದ ಅಗತ್ಯಕ್ಕಾಗಿ ಮಾರಿದ ಪ್ರಕರಣಗಳೂ ಇದಕ್ಕೆ ಅಪವಾದ.

ಒಂದು ಕಲ್ಪಿತ ನಿದರ್ಶನ ನೋಡೋಣ. ನಾಲ್ಕು ಎಕರೆಯ ಪಹಣಿಯ 9ನೇ ಕಾಲಂನಲ್ಲಿ ಅಣ್ಣ, ತಮ್ಮ, ತಂಗಿ ಮೂವರ ಹೆಸರೂ ಜಂಟಿಯಾಗಿವೆ, ಹಿಸ್ಸೆ ಸಮಾನ. ‘ತಮ್ಮ, ತಂಗಿಯರ ಸಹಿ ನಾನು ಹಾಕಿಸಿಕೊಡುತ್ತೇನೆ’ ಎಂದು ಅಣ್ಣನೊಬ್ಬನೇ 60 ಲಕ್ಷಕ್ಕೆ ಕರಾರು ಬರೆದು 12 ಲಕ್ಷ ಮುಂಗಡ ಪಡೆಯುತ್ತಾನೆ. ತಂಗಿ ಒಪ್ಪುವುದಿಲ್ಲ, ತಮ್ಮನೂ ಹಿಂದೆ ಸರಿಯುತ್ತಾನೆ.

ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಕಲಮಿನಂತೆ ಕರಾರಿನಿಂದಲೇ ಜಮೀನಿನಲ್ಲಿ ಹಕ್ಕು ಹುಟ್ಟುವುದಿಲ್ಲ. ಸಹಿ ಮಾಡದ ತಂಗಿಯನ್ನು ಅದು ಕಟ್ಟಿಹಾಕಲಾರದು. ಆದರೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 12(3)ನೇ ಕಲಮು ಖರೀದಿದಾರನಿಗೆ ಒಂದು ದಾರಿ ತೆರೆದಿಟ್ಟಿದೆ. ಉಳಿದ ಭಾಗಕ್ಕೆ ಹಣದಲ್ಲಿ ಬೆಲೆ ಕಟ್ಟಬಹುದಾದರೆ, ಅಷ್ಟನ್ನು ಕಳೆದು 20 ಲಕ್ಷಕ್ಕೆ ಅಣ್ಣನ ಹಿಸ್ಸೆಯನ್ನು ಕೇಳಬಹುದು. ಮಿಕ್ಕ ಭಾಗದ ಮೇಲಿನ ಹಕ್ಕನ್ನೂ ನಷ್ಟಭರ್ತಿಯನ್ನೂ ಬಿಟ್ಟುಕೊಡಬೇಕು. ಕಮ್ಮನ ಸಾಂಬಮೂರ್ತಿ ಪ್ರಕರಣದಲ್ಲಿ ಗಂಡ ಇಡೀ ಸ್ವತ್ತನ್ನು ಮಾರಲು ಒಪ್ಪಿದ್ದ, ಅರ್ಧ ಹೆಂಡತಿಯದಾಗಿತ್ತು. ಗಂಡನ ಅರ್ಧಕ್ಕೆ ಸೀಮಿತವಾದ ಡಿಕ್ರಿಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹಾಗೆ ದೊರೆತದ್ದೂ ಅವಿಭಜಿತ ಹಿಸ್ಸೆಯೇ. ಸ್ವಾಧೀನ ಬೇಕಾದರೆ ವಿಭಾಗವಾಗಬೇಕು. ನಿರ್ದಿಷ್ಟ ಪರಿಹಾರ ಅಧಿನಿಯಮದ 22ನೇ ಕಲಮಿನಂತೆ ಅದನ್ನು ಅದೇ ದಾವೆಯಲ್ಲಿ ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಸ್ವತ್ತು ಕುಟುಂಬದ ವಾಸದ ಮನೆಯಾಗಿದ್ದರಂತೂ ಸ್ವತ್ತು ವರ್ಗಾವಣೆ ಅಧಿನಿಯಮದ 44ನೇ ಕಲಮು ಹೊರಗಿನವನಿಗೆ ಜಂಟಿ ಸ್ವಾಧೀನವನ್ನೇ ನಿರಾಕರಿಸುತ್ತದೆ. ಅವನು ವಿಭಾಗ ಕೇಳಿದರೆ, 1893ರ ವಿಭಾಗ ಅಧಿನಿಯಮದ 4ನೇ ಕಲಮಿನಂತೆ ಮನೆಯವರೇ ಆ ಪಾಲನ್ನು ಕೊಳ್ಳಬಹುದು.

ಮುಂಗಡಕ್ಕಿರುವ ರಕ್ಷಣೆಯೂ ಇದೇ ಮಿತಿಗೆ ಒಳಪಟ್ಟಿದೆ. ಸ್ವತ್ತು ವರ್ಗಾವಣೆ ಅಧಿನಿಯಮದ 55(6)(ಬಿ) ಕಲಮು ಖರೀದಿದಾರ ಕೊಟ್ಟ ಹಣಕ್ಕೆ ಸ್ವತ್ತಿನ ಮೇಲೆ ಋಣಭಾರವನ್ನು ಒದಗಿಸುತ್ತದೆ, ಆದರೆ ಮಾರಾಟಗಾರನ ಹಿತಾಸಕ್ತಿಯಷ್ಟಕ್ಕೆ ಮಾತ್ರ. ಆ 12 ಲಕ್ಷದ ಭಾರ ಹೊರುವುದು ಅಣ್ಣನ ಹಿಸ್ಸೆಯೊಂದೇ. ಖರೀದಿದಾರನೂ ತಾನು ಸದಾ ಸಿದ್ಧನಿದ್ದೆನೆಂದು ನಿರ್ದಿಷ್ಟ ಪರಿಹಾರ ಅಧಿನಿಯಮದ 16(ಸಿ) ಕಲಮಿನಂತೆ ರುಜುವಾತುಪಡಿಸಬೇಕು. ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ, ದಿನ ಗೊತ್ತುಪಡಿಸದಿದ್ದರೆ ಮಾರಾಟಗಾರ ನಿರಾಕರಿಸಿದ್ದು ತಿಳಿದಂದಿನಿಂದ, ಮೂರು ವರ್ಷದೊಳಗೆ ದಾವೆ ಹೂಡಬೇಕು.

ಈ ಅಧಿನಿಯಮದ 2018ರ ತಿದ್ದುಪಡಿ ಕರಾರು ಜಾರಿಯಲ್ಲಿ ನ್ಯಾಯಾಲಯದ ವಿವೇಚನೆಯನ್ನು ಕುಗ್ಗಿಸಿತು. ಆದರೆ ಸಹಿ ಮಾಡದವರ ಹಿಸ್ಸೆಯನ್ನು ಅದು ಕರಾರಿನೊಳಗೆ ತರಲಿಲ್ಲ. ತರಲೂ ಕೂಡದು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಹದಾಯಾದತ್ವ ಕೊಟ್ಟ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿದೆ. ಅವರ ಸಹಿಯನ್ನು ‘ಆಮೇಲೆ ನೋಡಿಕೊಳ್ಳೋಣ’ ಎನ್ನುವ ರೂಢಿಯೇ ಇಂಥ ವ್ಯಾಜ್ಯಗಳನ್ನು ಹುಟ್ಟುಹಾಕುತ್ತದೆ. ಆದ್ದರಿಂದ ಎಲ್ಲ ಹಿಸ್ಸೇದಾರರೂ ಕರಾರಿನಲ್ಲಿ ಪಕ್ಷಕಾರರಾಗಬೇಕು, ಇಲ್ಲವೇ ಪೋಡಿಯಾಗಿ ಪಹಣಿ ಪ್ರತ್ಯೇಕವಾದ ನಂತರವೇ ಮುಂಗಡ ಕೈಬದಲಾಗಬೇಕು. ಖರೀದಿದಾರನ ಹಣಕ್ಕೂ ತಂಗಿಯ ಹಕ್ಕಿಗೂ ಒಟ್ಟಿಗೇ ಭದ್ರತೆ ಸಿಗುವುದು ಹೀಗೆ ಮಾತ್ರ.