ಕೀಲೆಣ್ಣಿಯಿಂದ ಬ್ರೀದರ್ ತನಕ

ನಮ್ಮ ಸೀಮಿಯ ಇತಿಹಾಸ ಹೇಳುವವರು 1760ರ ಉದಗೀರ ಕಾಳಗದಿಂದ ಸುರು ಮಾಡ್ತಾರ. ಸದಾಶಿವರಾವ್ ಭಾವೂನ ಫೌಜು ನಿಜಾಮನ ಫೌಜನ್ನು ಸೋಲಿಸಿದ್ದು ಸಾಲಿ ಹುಡುಗರಿಗೂ ಗೊತ್ತು. ಆದರ ಆ ಫೌಜಿನ ತೋಪು, ದಾರು, ದಾಣಿ ಹೊತ್ತು ತಂದ ಬಂಡಿಗಳ ಅಚ್ಚಿನ ಕಥಿ ಯಾರೂ ಕೇಳೋದಿಲ್ಲ. ಅಚ್ಚಿಗೆ ಎಣ್ಣಿ ಇಲ್ಲದಿದ್ದರ ಯಾವ ಫೌಜೂ ಉದಗೀರದ ತನಕ ಬರುತ್ತಿರಲಿಲ್ಲ. ಈ ಲೇಖನ ಅಚ್ಚಿನದು, ಅದರ ಎಣ್ಣಿಯದು. ಬಂಡಿ ಇಳಿದು ಜೀಪು ಹತ್ತುವಾಗ ನಾವು ಒಂದು ಹಳೆಯ ರೂಢಿಯನ್ನು ಸಂಗಡ ಒಯ್ದೆವು. ಅದರಿಂದ ಜನರ ಜೀವಕ್ಕ ಕುತ್ತು ಬಂದದ್ದನ್ನು ನಾನೇ ಕಂಡವ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಉಮರ್ಗಾದಿಂದ ಕಾಸಾರ ಶಿರಸಿ ಮೇಲೆ ನಿಲಂಗಾಕ್ಕ ಹೋಗುವ ಒಂದು ಕಾಳಿ-ಪಿವಳಿ ಜೀಪಿನಲ್ಲಿ ಕೂತಿದ್ದೆ. ಒಳಗ ಹೊರಗ ಸೇರಿ ಹದಿನೈದು ಮಂದಿ. ಒಂದು ಹಳ್ಳದ ಇಳುಕಲಿನಲ್ಲಿ ಡ್ರೈವರ್ ಬ್ರೇಕ್ ಒತ್ತಿದ, ಗಾಡಿ ನಿಲ್ಲಲಿಲ್ಲ, ಒಂದೇ ಮಗ್ಗಲಿಗೆ ಎಳೀತು. ಅವ ಹುಷಾರ ಇದ್ದ. ಗೇರು ಇಳಿಸಿ ಗಾಡಿಯನ್ನು ಜಾಲಿ ಕಂಟಿಯೊಳಗ ನುಗ್ಗಿಸಿದ. ಯಾರೂ ಸಾಯಲಿಲ್ಲ. ಒಬ್ಬ ಮುದುಕಿಯ ಕೈ ಮುರೀತು. ಆ ಆಯಿ ನನ್ನ ಬಾಜೂಕ ಕೂತಾಕಿ.

ಮರುದಿನ ಆ ಗಾಡಿ ಬಿಚ್ಚುವಾಗ ನಾನೂ ಗ್ಯಾರೇಜಿಗೆ ಹೋಗಿದ್ದೆ. ಉಸ್ತಾದರು ಎಡಗಡೆಯ ಹಿಂದಿನ ಗಾಲಿಯ ಡ್ರಮ್ಮು ತೆಗೆದರು. ಒಳಗ ಬ್ರೇಕ್ ಲೈನರ್ ಎಲ್ಲ ಕರೀ ಎಣ್ಣಿಯಲ್ಲಿ ತೊಯ್ದಿತ್ತು. ಆಮೇಲೆ ಅವರು ಗಾಡಿ ಬುಡಕ ಮಲಗಿ, ಅಚ್ಚಿನ ಕೊಳವಿಯ ಮೇಲಿಂದ ಏನೋ ಕಿತ್ತು ನನ್ನ ಕೈಗೆ ಕೊಟ್ಟರು. ಬೆರಳುದ್ದದ ಒಂದು ಕಟ್ಟಿಗಿ ಗೂಟ.

"ಗುರುಜಿ, ಇದು ನೋಡ್ರಿ. ಇಲ್ಲಿಂದ ಎಣ್ಣಿ ಸೋರ್ತದಂತ ಮಾಲಕ ಗೂಟ ಬಡದಾನ. ಮೂಗು ಮುಚ್ಚಿದರ ಮನುಷ್ಯಾ ಬಾಯಿ ತೆಗೀತಾನ. ಇದರ ಬಾಯಿ ಬ್ರೇಕಿನ್ಯಾಗ ಅದ," ಅಂದರು.

ಆ ಮಾತು ತಿಳಿಯಬೇಕಾದರ ಮೊದಲು ಬಂಡಿಯ ಕಾಲಕ್ಕ ಹೋಗಬೇಕು.

ದೇವಣಿ ಎತ್ತುಗಳು ನಮ್ಮ ಸೀಮಿಯ ಹೆಮ್ಮಿ. ಉದಗೀರದ ಬಾಜೂಕಿನ ದೇವಣಿ ಊರಿನ ಹೆಸರೇ ಆ ತಳಿಗೆ ಬಂದದ. ಅವು ಎಳೆಯುವ ಬಂಡಿಗೆ ಕಬ್ಬಿಣದ ಅಚ್ಚು, ಅದರ ಮೇಲೆ ತಿರುಗುವ ಕಟ್ಟಿಗಿ ಗಾಲಿ, ಗಾಲಿ ಕಳಚದಂಗ ಹೊರಗ ಕಡೆಗೀಲು. ಕಬ್ಬಿಣಕ್ಕ ಕಬ್ಬಿಣ ಉಜ್ಜಿದರ ಕಾವು ಹುಟ್ಟತದ, ಸವೀತದ, ಕೀರ್ ಅಂತ ಒದರ್ತದ. ಅದಕ್ಕ ಔಡಲೆಣ್ಣಿಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿ ಹಚ್ಚುತ್ತಿದ್ದರು. ಕನ್ನಡದಾಗ ಅದಕ್ಕ ಕೀಲೆಣ್ಣಿ, ಮರಾಠಿಯವರು ಅಂದದ್ದು ವಂಗಣ. ದೂರ ಹೋಗುವ ಬಂಡಿಯ ಬುಡಕ ಕೀಲೆಣ್ಣಿಯ ಬಿದಿರ ಗೊಟ್ಟ ನೇತಾಡುತ್ತಿತ್ತು.

ಈ ಅಚ್ಚು ಪೂರಾ ತೆರೆದದ್ದು. ಹಾಕಿದ ಎಣ್ಣಿ ಹೊರಗ ಸೋರಲೇಬೇಕು, ಸೋರುವಾಗ ಧೂಳನ್ನೂ ಹೊರಗ ತರ್ತದ. ಗಾಲಿಯ ಗುಂಬದ ಮ್ಯಾಲ ಎಣ್ಣಿ ಮಿಂಚುತ್ತಿದ್ದರ ಅದು ಒಳ್ಳೆಯ ಒಕ್ಕಲಿಗನ ಬಂಡಿ ಅಂತಿದ್ದರು. ಹೆಚ್ಚು ಹಾಕಿದರ ಎಂದೂ ಕೆಟ್ಟದ್ದಿಲ್ಲ, ಕಡಿಮಿ ಹಾಕಿದರ ಕೆಟ್ಟದ್ದು. ತಲೆತಲಾಂತರ ನಮ್ಮ ಕೈ ಕಲಿತ ಪಾಠ ಇದು.

ಮೋಟಾರು ನಮ್ಮ ಕಡೆ ಬಂದದ್ದು ನಿಜಾಮನ ಕಾಲಕ್ಕ. ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಗಾಡಿ 1911ರಲ್ಲಿ ಲಾತೂರ ಮುಟ್ಟಿತ್ತು. ಹೈದರಾಬಾದ್ ಸಂಸ್ಥಾನದ ರೈಲ್ವೆ ಖಾತೆಯವರು 1932ರ ಜೂನಿನಲ್ಲಿ 27 ಬಸ್ಸು, 166 ನೌಕರರೊಂದಿಗೆ ಸರಕಾರಿ ಬಸ್ಸು ಸುರು ಮಾಡಿದರು. ಆಗ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲಿ, ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿ. ಕಚೇರಿ ಭಾಷೆ ಉರ್ದು. 1948ರ ಸಪ್ಟಂಬರದ ಪೊಲೀಸ್ ಕಾರ್ಯಾಚರಣೆ ಆಗಿ ಸಂಸ್ಥಾನ ಹೋಯಿತು. 1956ರ ನವೆಂಬರ್ 1ಕ್ಕ ಉದಗೀರ, ನಿಲಂಗಾ ಬೀದರಿನಿಂದ ಬೇರೆಯಾಗಿ ಮುಂಬೈ ರಾಜ್ಯ ಸೇರಿದವು, 1960ರ ಮೇ 1ಕ್ಕ ಮಹಾರಾಷ್ಟ್ರ ಆಯಿತು. 1982ರಲ್ಲಿ ಲಾತೂರ ಬೇರೆ ಜಿಲ್ಲೆ ಆದಾಗ ಈ ಎರಡೂ ಅದರೊಳಗ ಬಂದವು. ಹಿಂಗಾಗಿ ನಮ್ಮ ಬಾಯಾಗ ಒಂದೇ ವಸ್ತುವಿಗೆ ನಾಲ್ಕು ಹೆಸರು: ಕನ್ನಡದ ಅಚ್ಚು, ಉರ್ದುವಿನ ಧುರಾ, ಮರಾಠಿಯ ಆಸ, ಈಗಿನ ಆಕ್ಸಲ್. ಹೆಸರು ಬದಲಾದಂಗ ವಸ್ತುವೂ ಬದಲಾಗಿತ್ತು. ಅದನ್ನು ನಾವು ಗಮನಿಸಲಿಲ್ಲ.

ಬಂಡಿಯ ಅಚ್ಚು ತಿರುಗೋದಿಲ್ಲ, ಗಾಲಿ ತಿರುಗತದ. ಮೋಟಾರಿನ ಹಿಂದಿನ ಅಚ್ಚು ತಾನೇ ತಿರುಗಿ ಗಾಲಿಯನ್ನು ತಿರುಗಿಸ್ತದ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮಿ. ಅದಕ್ಕಂತ ನಡುವ ಒಂದು ಹಲ್ಲುಗಾಲಿಯ ಗಡ್ಡಿ ಇರ್ತದ, ಅದೇ ಡಿಫರೆನ್ಷಿಯಲ್. ಇದಕ್ಕ 1827ರಲ್ಲಿ ಪೆಕ್ಕರ್ ಎಂಬ ಫ್ರೆಂಚ್ ಗಡಿಯಾರ ಕುಶಲಿ ಹಕ್ಕುಪತ್ರ ಪಡೆದ, ಉಗಿ ಬಂಡಿಗಾಗಿ. ಮುಂದ 1926ರ ಸುಮಾರಿಗೆ ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ ಹೈಪಾಯ್ಡ್ ಎಂಬ ಹೊಸ ನಮೂನೆಯ ಹಲ್ಲು ಬಂತು. ಈ ಹಲ್ಲುಗಳು ಒಂದರ ಮ್ಯಾಲ ಒಂದು ಜಾರಿ ಉಜ್ಜತಾವ. ಸಾದಾ ಎಣ್ಣಿ ಅಲ್ಲಿ ತಾಳೋದಿಲ್ಲ, ಭಾರ ತಾಳುವ ಮದ್ದು ಬೆರೆಸಿದ ದಪ್ಪ ಎಣ್ಣಿ ಬೇಕು. ನಮ್ಮ ಗ್ಯಾರೇಜಿನಲ್ಲಿ 90 ನಂಬರ್ ಅಂತಾರಲ್ಲ, ಅದು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಅಚ್ಚಿನೊಳಗೂ ಇದೇ ಹಲ್ಲು.

ಆ ಜೀಪನ್ನು ಸ್ವಾತಂತ್ರ್ಯದ ಸುಮಾರಿಗೆ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸತೊಡಗಿದರು. 1952ರಲ್ಲಿ ಸಮುದಾಯ ವಿಕಾಸ ಯೋಜನೆ ಬಂದ ಮೇಲೆ ಹಳ್ಳಿಗೆ ಜೀಪು ಅಂದರ ಸರಕಾರ. 1972ರ ಬರದಲ್ಲಿ ನಮ್ಮ ಅಪ್ಪ ಅವ್ವ ಕೂಲಿಗೆ ಖಡಿ ಒಡೆದು ಹಾಕಿದ ರಸ್ತೆಗಳ ಮೇಲೆ ಮುಂದ ಖಾಸಗಿ ಜೀಪು ಓಡಾಡಿದವು. ಬಸ್ಸು ಬಾರದ ಊರಿಗೆ ಅವೇ ಗತಿ. 1993ರ ಸಪ್ಟಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ನೆನಸಿಕೊಳ್ರಿ. ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರವೂ ನೆಲಸಮ ಆಯಿತು, ಎಲ್ಲ ಸೇರಿ ಸುಮಾರು ಹತ್ತು ಸಾವಿರ ಜನ ಸತ್ತರು. ಗಾಯಾಳುಗಳನ್ನು ಎರಿ ಹೊಲದ ಕೆಸರಿನಲ್ಲಿ ಹೊತ್ತು ಓಡಿದ್ದು ಜೀಪು, ಟೆಂಪೋ, ಟ್ರ್ಯಾಕ್ಟರ್.

ಇನ್ನು ಆ ಗೂಟದ ಮಾತು.

ಜೀಪಿನ ಅಚ್ಚು ಮುಚ್ಚಿದ ಕೊಳವಿ. ಒಳಗ ಅರ್ಧಕ್ಕ ಎಣ್ಣಿ, ಮ್ಯಾಲ ಗಾಳಿ. ಎರಡೂ ತುದಿಗೆ ಎಣ್ಣಿ ಹೊರಗ ಬಾರದಂಗ ರಬ್ಬರಿನ ಸೀಲು. ಆ ಸೀಲಿನ ಆಚೆ ಬದಿಯೇ ಬ್ರೇಕಿನ ಡ್ರಮ್ಮು. ಗಾಡಿ ಓಡಿದಂಗ ಅಚ್ಚು ಕಾಯ್ತದ. ಬೆಳಿಗ್ಗೆ 30 ಡಿಗ್ರಿ ಇದ್ದದ್ದು ತುಂಬಿದ ಗಾಡಿಯಲ್ಲಿ 90ಕ್ಕ ಏರಿತು ಅನ್ರಿ. ಸಾಲಿಯಲ್ಲಿ ಕಲಿಸುವ ನಿಯಮದ ಪ್ರಕಾರ ಲೆಕ್ಕ ಹಾಕಿದರ ಒಳಗಿನ ಗಾಳಿ ಐದರಲ್ಲಿ ಒಂದು ಪಾಲು ಹೆಚ್ಚು ಹಿಗ್ಗಬೇಕು. ಹಿಗ್ಗಲಿಕ್ಕ ಜಾಗ ಇಲ್ಲದಿದ್ದರ ಅಷ್ಟೇ ಪಾಲು ಒತ್ತಡ ಏರ್ತದ. ಸೀಲು ಎಣ್ಣಿ ತಡೀಲಿಕ್ಕ ಮಾಡಿದ್ದು, ಗಾಳಿಯ ಒತ್ತಡ ಹಿಡೀಲಿಕ್ಕ ಅಲ್ಲ. ಅದಕ್ಕ ಕೊಳವಿಯ ಮ್ಯಾಲ ಒಂದು ಸಣ್ಣ ತೂತು, ಅದರ ಮ್ಯಾಲ ಸಡಿಲ ಟೊಪ್ಪಿಗಿ. ಇದೇ ಬ್ರೀದರ್, ಅಚ್ಚಿನ ಮೂಗು. ಕಾದಾಗ ಉಸಿರು ಬಿಡ್ತದ, ಆರಿದಾಗ ಎಳಕೊಳ್ತದ. ಅನ್ನದ ಗಡಿಗಿಯ ಮುಚ್ಚಳ ಒಂಚೂರು ಓರಿ ಮಾಡಿ ಇಡೋದಿಲ್ಲೇನು, ಹಂಗ.

ಈ ಮೂಗಿನಿಂದ ಗಾಳಿ ಬರಬೇಕು, ಎಣ್ಣಿ ಬರಬಾರದು. ಬಂದರ ಅದಕ್ಕ ಕಾರಣ ಇರ್ತದ. ನಮ್ಮ ಕಡೆ ಮೊದಲನೇ ಕಾರಣ ಬಂಡಿಯ ಕಾಲದ ಆ ಪಾಠವೇ: ಎಣ್ಣಿ ಹೆಚ್ಚು ಹಾಕಿದರ ಒಳ್ಳೇದು. ತೆರೆದ ಅಚ್ಚಿಗೆ ಸರಿ ಇದ್ದ ರೂಢಿ ಮುಚ್ಚಿದ ಅಚ್ಚಿಗೆ ಮೈಮೇಲೆ ಬಂತು. ಹೆಚ್ಚಾದ ಎಣ್ಣಿಯನ್ನು ದೊಡ್ಡ ಹಲ್ಲುಗಾಲಿ ಮಜ್ಜಿಗಿ ಕಡೆದಂಗ ಕಡೀತದ, ನೊರೆ ಏಳ್ತದ, ಕಾವು ಇನ್ನೂ ಹೆಚ್ಚತದ, ನೊರೆ ಬ್ರೀದರಿನಿಂದ ಹೊರಗ ಬೀಳ್ತದ. ಅದನ್ನು ಕಂಡ ಮಾಲಕ ಎಣ್ಣಿ ಕಡಿಮಿ ಆತು ಅಂತ ಮತ್ತ ಹಾಕ್ತಾನ. ಇನ್ನೂ ಸೋರಿತು ಅಂತ ಗೂಟ ಬಡೀತಾನ. ಆ ಜೀಪಿನ ಕಥಿ ಇಷ್ಟೇ.

ಎರಡನೆಯದು ನಮ್ಮ ಮಣ್ಣು. ಎರಿ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದರ ಕಲ್ಲು. ಟೊಪ್ಪಿಗಿಯ ಸುತ್ತ ಮೆತ್ತಿ ಒಣಗಿದರ ಗೂಟ ಬಡೆದಂಗೇ ಆಗ್ತದ, ಯಾರೂ ಬಡೆಯೋದು ಬೇಕಾಗಿಲ್ಲ. ಮೂರನೆಯದು ನೀರು. ತೇರಣಾ ಬಂದು ಮಾಂಜರಾ ಕೂಡುವ ಸೀಮಿ ನಮ್ಮದು, ಮಳಿಗಾಲದಾಗ ಹಳ್ಳ ದಾಟೋದು ತಪ್ಪಿದ್ದಲ್ಲ. ಕಾದ ಅಚ್ಚು ತಣ್ಣನ ನೀರಿಗೆ ಇಳಿದರ ಒಳಗಿನ ಗಾಳಿ ಕುಗ್ಗಿ ನೀರು ಎಳಕೊಳ್ತದ. ನೀರು ಕೂಡಿದ ಎಣ್ಣಿ ಹಾಲಿನಂಗ ಬಿಳುಪಾಗಿ ಉಬ್ಬತದ.

ಉಸ್ತಾದರು ಅವತ್ತು ಮಾಡಿದ್ದನ್ನು ನೋಡಿ ಬರಕೊಂಡೆ. ಮೊದಲು ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ಅಚ್ಚು ಆರಲಿಕ್ಕೆ ಬಿಟ್ಟರು. ಎಣ್ಣಿ ಹಾಕುವ ಬದಿಯ ಬೂಚು ತೆಗೆದರು, ಗಳಗಳ ಎಣ್ಣಿ ಸುರೀತು. ತೂತಿನ ಕೆಳ ಅಂಚಿಗೆ ಬಂದು ತಾನೇ ನಿಲ್ಲುವ ತನಕ ಬಿಟ್ಟರು. "ಅದರ ಹೊಟ್ಟಿ ಅಷ್ಟೇ," ಅಂದರು. ಬೆರಳಿಗೆ ಎಣ್ಣಿ ಹಚ್ಚಿಕೊಂಡು ಬಣ್ಣ ನೋಡಿದರು. ಬಿಳುಪು ಇದ್ದಿದ್ದರ ಪೂರಾ ತೆಗೆದು ಹೊಸದು ಹಾಕಬೇಕಿತ್ತು. ಬ್ರೀದರನ್ನು ಬಿಚ್ಚಿ ಡಿಸೇಲಿನಲ್ಲಿ ನೆನೆಯಿಟ್ಟು, ತಂತಿ ಆಡಿಸಿ, ಬಾಯಿಂದ ಊದಿ ನೋಡಿದರು. ಟೊಪ್ಪಿಗಿ ಬೆರಳಿಗೆ ತಿರುಗಬೇಕು, ಊದಿದರ ಗಾಳಿ ಹಾಯಬೇಕು. ಆ ಮೇಲೆ ಎರಡೂ ಬದಿಯ ಸೀಲು ಹೊಸದು ಹಾಕಿದರು.

ಮಾಲಕ ಕೇಳಿದ: "ಚಾಚಾ, ಲೈನರ್ ಪೆಟ್ರೋಲಿನ್ಯಾಗ ತೊಳದು ಅದನ್ನ ಹಾಕಿದರ ನಡಿಯೋದಿಲ್ಲೇನು?"

"ನಡೀತದ ಬೇಟಾ, ಮನೀ ಮುಂದಿನ ಅಂಗಳತನಕ. ಇಳುಕಲಿನ್ಯಾಗ ಕಾದ ಕೂಡಲೆ ಒಳಗಿನ ಎಣ್ಣಿ ಮ್ಯಾಲ ಬರ್ತದ. ಆ ಆಯಿದು ಕೈ ಮುರದದ, ಮುಂದ ಯಾರದು ಮುರೀಬೇಕು?" ಅಂದರು ಉಸ್ತಾದರು. ಮಾಲಕ ಮಾತಾಡಲಿಲ್ಲ. ಎರಡೂ ಗಾಲಿಗೆ ಹೊಸ ಲೈನರ್ ತರಿಸಿದ. ಒಂದೇ ಬದಿಗೆ ಹಾಕಿದರ ಗಾಡಿ ಮತ್ತ ಒಂದೇ ಮಗ್ಗಲಿಗೆ ಎಳೀತದ.

ಹಳ್ಳ ದಾಟುವ ಗಾಡಿಗೆ ಇನ್ನೊಂದು ಉಪಾಯ ಅದ. ಬ್ರೀದರಿಗೆ ಉದ್ದ ರಬ್ಬರ್ ನಳಿಗಿ ಜೋಡಿಸಿ, ತುದಿಯನ್ನು ಗಾಡಿಯ ಮೈಗೆ ಎತ್ತರದಲ್ಲಿ ಕಟ್ಟಿ, ಬಾಯಿ ಕೆಳಗ ಮಾಡಿ ಬಗ್ಗಿಸಿ ಇಡೋದು. ನೀರೂ ಹೋಗೋದಿಲ್ಲ, ಮಣ್ಣೂ ಮೆತ್ತೋದಿಲ್ಲ. ನಳಿಗಿ ಎಲ್ಲೂ ಮಡಚಿ ಒತ್ತಿರಬಾರದು ಅಷ್ಟೇ. ಎಣ್ಣಿಯ ಮಟ್ಟ ಸರಿ ಇದ್ದು, ಬ್ರೀದರ್ ಸ್ವಚ್ಛ ಇದ್ದು, ಎಣ್ಣಿ ಹೊಸದಿದ್ದೂ ಸೋರಿದರ, ಅಚ್ಚು ಮುಟ್ಟಿ ನೋಡಬೇಕು. ಕೈ ಇಡಲಾರದಷ್ಟು ಕಾಯ್ತಿದ್ದರ, ಒಳಗ ಗುಂಯ್ ಅಂತಿದ್ದರ ಬೇರಿಂಗೋ ಹಲ್ಲೋ ಕೆಟ್ಟಿದ್ದೀತು, ಬಿಚ್ಚಿಸಬೇಕು.

ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ನು ಮುಂದಿನ ಗಾಲಿಯನ್ನೇ ತಿರುಗಿಸ್ತದ, ಅವಕ್ಕ ಹಿಂದ ಈ ಗಡ್ಡಿ ಇಲ್ಲ. ಆದರ ಬೊಲೆರೋ, ಪಿಕಪ್, ಟೆಂಪೋ, ಲಾರಿ ಇವಕ್ಕೆಲ್ಲ ಅದ. ಟ್ರ್ಯಾಕ್ಟರಿನ ಹಿಂದಿನ ಪೆಟ್ಟಿಗೆಗೂ ಉಸಿರಾಟದ ತೂತು ಇರ್ತದ. ಮಳಿಗಾಲ ಮುಗಿದ ಮೇಲೆ ಒಮ್ಮೆ ಗಾಡಿಯ ಬುಡಕ ಬಗ್ಗಿ ಆ ಟೊಪ್ಪಿಗಿ ಒರೆಸಿ ತಿರುಗಿಸಿ ನೋಡಲಿಕ್ಕ ಐದು ಮಿನಿಟು ಸಾಕು.

ನಮ್ಮ ಹಿರಿಯರು ತಪ್ಪು ಮಾಡಿದರು ಅಂತ ನಾ ಹೇಳ್ತಿಲ್ಲ. ಅವರ ಅಚ್ಚಿಗೆ ಅವರ ಕೀಲೆಣ್ಣಿ ಸರಿ ಇತ್ತು, ಯಾಕ ಸರಿ ಅಂತಲೂ ಅವರಿಗೆ ಗೊತ್ತಿತ್ತು. ಅಚ್ಚು ಬದಲಾದಾಗ ಆ "ಯಾಕ" ಅನ್ನೋದನ್ನ ನಾವು ಮತ್ತೊಮ್ಮೆ ಕೇಳಬೇಕಿತ್ತು. ಸೋರುವ ಜಾಗ ಕಂಡಿತು, ಮುಚ್ಚಿಬಿಟ್ಟೆವು. ಎಲ್ಲಿಂದ ಯಾಕ ಬರ್ತದ ಅಂತ ನೋಡಲಿಲ್ಲ.

ಆ ಗೂಟ ಇನ್ನೂ ನನ್ನ ಹತ್ರ ಅದ. ಸಾಲಿಯಲ್ಲಿ ಇದ್ದಷ್ಟು ದಿನ, ಕಾವಿನಿಂದ ಗಾಳಿ ಹಿಗ್ಗುವ ಪಾಠ ಬಂದಾಗ ಅದನ್ನು ಹುಡುಗರ ಕೈಗೆ ಕೊಟ್ಟು ಆ ಇಳುಕಲಿನ ಕಥಿ ಹೇಳುತ್ತಿದ್ದೆ. ಆ ಹುಡುಗರಲ್ಲಿ ಇಬ್ಬರು ಈಗ ಡ್ರೈವರ್ ಆಗ್ಯಾರ. ಮೊನ್ನೆ ಒಬ್ಬ ಉಮರ್ಗಾ ಸ್ಟ್ಯಾಂಡಿನಲ್ಲಿ ಸಿಕ್ಕು, "ಗುರುಜಿ, ಮೂಗು ನೋಡಿಕೊಂಡೇ ಗಾಡಿ ತೆಗೀತೀನ್ರಿ" ಅಂದ. ಇನ್ನು ಆ ಪಾಠ ಕಲಿಸುವ ಮಾಸ್ತರರು ಬೇಕಾದರ ಆ ಗೂಟ ಒಯ್ಯಬಹುದು. ವಾಚನಾಲಯದ ಕಪಾಟಿನಲ್ಲಿ ಇಟ್ಟಿದ್ದೇನೆ.