ಊಟದ ಟಿಕೆಟ್ ಸಿಗದ ಹೆಂಗಸರು ಊರಿಗೆ ಲೈಬ್ರರಿ ತಂದ ಕಥೆ

ಇವತ್ತು 1868ರ ನ್ಯೂಯಾರ್ಕ್‌ಗೆ ಹೋಗಿ ಬರೋಣ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆಗ ಅಮೆರಿಕ ಪ್ರವಾಸದಲ್ಲಿದ್ದರು. ಅಲ್ಲಿನ ಪತ್ರಕರ್ತರ ಕ್ಲಬ್ ಅವರ ಗೌರವಕ್ಕೆ ಔತಣಕೂಟ ಇಟ್ಟಿತ್ತು. ಜೇನ್ ಕನ್ನಿಂಗ್‌ಹ್ಯಾಮ್ ಕ್ರೋಲಿ ಕೂಡ ಪತ್ರಕರ್ತೆಯೇ. ಆದರೆ ಹೆಂಗಸು ಅನ್ನೋ ಕಾರಣಕ್ಕೆ ಟಿಕೆಟ್ ಸಿಗಲಿಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಗೆಳತಿಯರನ್ನು ಸೇರಿಸಿ 'ಸೊರೊಸಿಸ್' ಅನ್ನೋ ಮಹಿಳಾ ಕ್ಲಬ್ ಕಟ್ಟಿದರು. ಹಲವು ಹೂಗಳು ಕೂಡಿ ಒಂದೇ ಹಣ್ಣಾದರೆ ಅದಕ್ಕೆ ಸಸ್ಯಶಾಸ್ತ್ರದಲ್ಲಿ ಇರುವ ಹೆಸರು ಅದು. ನಮ್ಮ ಹಲಸು ಇದೆಯಲ್ಲ, ಅಂಥ ಹಣ್ಣು!

ಇಂಥ ಕ್ಲಬ್‌ಗಳು ಊರೂರಲ್ಲಿ ಹುಟ್ಟಿಕೊಂಡವು. 1890ರಲ್ಲಿ ಅವುಗಳದ್ದೇ ಒಂದು ರಾಷ್ಟ್ರೀಯ ಒಕ್ಕೂಟವೂ ಆಯಿತು. ಮೊದಮೊದಲು ಸೇರುತ್ತಿದ್ದದ್ದು ಓದೋದಕ್ಕೆ, ಚರ್ಚೆ ಮಾಡೋದಕ್ಕೆ. ಆದರೆ ಸಣ್ಣ ಊರಲ್ಲಿ ಪುಸ್ತಕ ಎಲ್ಲಿಂದ ಬರಬೇಕು? ಮನೆಯಲ್ಲಿದ್ದ ಪುಸ್ತಕಗಳನ್ನೇ ಒಟ್ಟುಗೂಡಿಸಿದರು, ಚಂದಾ ಎತ್ತಿದರು, ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸಿದರು. ಆ ಕಾಲದಲ್ಲಿ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಿಂದ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳು ಎದ್ದವು. ಆದರೆ ಅವರದ್ದೊಂದು ಷರತ್ತಿತ್ತು: ಜಾಗ ಊರಿನವರೇ ಕೊಡಬೇಕು, ನಿರ್ವಹಣೆಗೆ ಅನುದಾನದ ಶೇ 10ರಷ್ಟನ್ನು ವರ್ಷವರ್ಷವೂ ತೆಗೆದಿಡಬೇಕು. ಎಷ್ಟೋ ಊರುಗಳಲ್ಲಿ ಪುರಸಭೆಯವರ ಬೆನ್ನು ಹತ್ತಿ ಇದಕ್ಕೆ ಒಪ್ಪಿಸಿದವರು ಕ್ಲಬ್ಬಿನ ಹೆಂಗಸರೇ. ನೆನಪಿಡಿ, ದೇಶದ ಸಂವಿಧಾನದಲ್ಲಿ ಮಹಿಳೆಯರ ಮತದ ಹಕ್ಕು ಬರೆಯಲ್ಪಟ್ಟದ್ದು 1920ರಲ್ಲಿ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮುಕ್ಕಾಲು ಪಾಲು ಶುರುವಾದದ್ದು ಇವರಿಂದ ಅನ್ನೋ ಅಂದಾಜು ಚರಿತ್ರೆಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. 1900ರಲ್ಲಿ ಮಿಲ್ವಾಕಿಯಲ್ಲಿ ಒಕ್ಕೂಟದ ಸಮಾವೇಶ. ಬಾಸ್ಟನ್ನಿನ ಜೋಸೆಫೀನ್ ಸೇಂಟ್ ಪಿಯರ್ ರಫಿನ್ ಅಲ್ಲಿಗೆ ಬಂದರು. ಬಿಳಿಯರ ಕ್ಲಬ್‌ಗಳ ಪ್ರತಿನಿಧಿಯಾಗಿ ಕೂರಬಹುದು, ತಾನೇ ಕಟ್ಟಿದ ಕಪ್ಪು ಮಹಿಳೆಯರ ಕ್ಲಬ್ಬಿನ ಪ್ರತಿನಿಧಿಯಾಗಿ ಮಾತ್ರ ಕೂಡದು ಅಂದರು. ರಫಿನ್ ಒಪ್ಪಲಿಲ್ಲ. ಒಂದು ಬಾಗಿಲು ಮುಚ್ಚಿದ್ದಕ್ಕೆ ಹುಟ್ಟಿದ ಚಳವಳಿ ತಾನೇ ಇನ್ನೊಬ್ಬರಿಗೆ ಬಾಗಿಲು ಹಾಕಿತ್ತು.

ಕಪ್ಪು ಮಹಿಳೆಯರಿಗೆ ಇದು ಹೊಸದಲ್ಲ. 1896ರಲ್ಲೇ ಅವರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದರು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆ. 1908ರಲ್ಲಿ ಅಟ್ಲಾಂಟಾದಲ್ಲಿ ಲುಜೀನಿಯಾ ಬರ್ನ್ಸ್ ಹೋಪ್ ನೆರೆಹೊರೆಯ ಸಂಘ ಶುರು ಮಾಡಿದರು. ಈ ಹೆಂಗಸರು ಊರನ್ನು ವಲಯಗಳಾಗಿ ಹಂಚಿಕೊಂಡು ಮನೆಮನೆಗೆ ಹೋದರು, ಕುಂದುಕೊರತೆ ಬರೆದುಕೊಂಡರು. ಮಕ್ಕಳಿಗೆ ಆಟದ ಜಾಗ, ಚಿಕಿತ್ಸಾಲಯ, ಒಳ್ಳೆಯ ಶಾಲೆ, ಹೀಗೆ ಒಂದೊಂದಕ್ಕೂ ದುಡಿದರು. ನಗರಾಡಳಿತ ಮಾಡಬೇಕಿದ್ದ ಕೆಲಸ ಅದು.

ನಿಮ್ಮೂರಲ್ಲೂ ಒಂದು ಹಳೇ ಮಹಿಳಾ ಸಮಾಜ ಇರಬಹುದು. ಅದರ ನಡಾವಳಿ ಪುಸ್ತಕ ಸಿಕ್ಕಿದರೆ ತೆರೆದು ನೋಡಿ. ಏನೇನು ಕಟ್ಟಿದರು ಅನ್ನೋದನ್ನ ಓದಿ, ಜೊತೆಗೆ ಸದಸ್ಯರ ಪಟ್ಟಿಯಲ್ಲಿ ಯಾವ ಬೀದಿಯವರ ಹೆಸರಿಲ್ಲ ಅನ್ನೋದನ್ನೂ ಗಮನಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.