ಉಪ್ಪಿನವರು 'ಹುಟ್ಟು ಕಳ್ಳ'ರಾದದ್ದು: ಹಳೆಯ ಕೊಯಮತ್ತೂರು ಜಿಲ್ಲೆ ಮತ್ತು ಅಪರಾಧದ ಸಿದ್ಧಾಂತಗಳು

ಅಪರಾಧ ಯಾಕೆ ನಡೆಯುತ್ತೆ ಅನ್ನೋ ಪ್ರಶ್ನೆ ಕನ್ನಡ ಎಂ.ಎ. ವಿದ್ಯಾರ್ಥಿಗೆ ಯಾಕೆ ಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಈ ಬಗೆಗಿನ ಮೊದಲ ಸಿದ್ಧಾಂತಗಳು ಇರೋದು ಗಾದೆಗಳಲ್ಲಿ. 'ಹುಟ್ಟುಗುಣ ಸುಟ್ಟರೂ ಹೋಗದು' ಅಂತೀವಿ. 'ಸಹವಾಸದಿಂದ ಸನ್ಯಾಸಿ ಕೆಟ್ಟ' ಅಂತಲೂ ಅಂತೀವಿ. ಮೊದಲನೆಯದನ್ನು ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ತಲೆಬುರುಡೆ ಅಳೆದು 'ವಿಜ್ಞಾನ' ಮಾಡಿದ. ಎರಡನೆಯದಕ್ಕೆ ಹತ್ತಿರದ ಮಾತನ್ನು, ಅಂದರೆ ಅಪರಾಧ ಒಡನಾಟದಿಂದ ಕಲಿತು ಬರುವಂಥದ್ದು ಎಂಬುದನ್ನು, ಅಮೆರಿಕದ ಎಡ್ವಿನ್ ಸದರ್ಲ್ಯಾಂಡ್ 1939ರಲ್ಲಿ ಮಂಡಿಸಿದ. ಮೊದಲ ಗಾದೆಯೇ ಕಾನೂನಾದಾಗ ಏನಾಯ್ತು ಅನ್ನೋದು ಈ ಪ್ರಬಂಧದ ವಿಷಯ.

ನಾನು ನೋಡುತ್ತಿರುವುದು ಮದರಾಸು ಪ್ರಾಂತ್ಯದ ಹಳೆಯ ಕೊಯಮತ್ತೂರು ಜಿಲ್ಲೆಯ ಕಡೆಯಿಂದ. 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರು ಅದರೊಳಗೇ ಇತ್ತು. ನಮ್ಮ ಕೊಳ್ಳೇಗಾಲ ಕೂಡ 1956ರ ನವೆಂಬರ್ 1ರವರೆಗೆ ಆ ಜಿಲ್ಲೆಯ ತಾಲ್ಲೂಕು. ಹಾಗಾಗಿ ಇದು ಪಕ್ಕದ ಮನೆಯ ಚರಿತ್ರೆಯಲ್ಲ. ತಮಿಳಿನಲ್ಲಿ ಕೊರವರ್ ಅನ್ನುವವರನ್ನೇ ನಾವು ಕೊರಚ, ಕೊರಮ ಅಂತ ಕರೆಯುವುದು.

ಎತ್ತು, ಕತ್ತೆಗಳ ಮೇಲೆ ಹೇರು ಹಾಕಿಕೊಂಡು ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಕರಾವಳಿಗೆ ಸಾಗಿಸುತ್ತಿದ್ದವರು ಇವರು. ಮೀನಾ ರಾಧಾಕೃಷ್ಣ 2001ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ವ್ಯಾಪಾರ ಹೇಗೆ ಮುರಿದುಬಿತ್ತು ಅಂತ ತೋರಿಸಿದ್ದಾರೆ. ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯಿತು. ರೈಲು ಬಂತು, 1862ರ ಹೊತ್ತಿಗೆ ಮದರಾಸಿನಿಂದ ಈರೋಡ್, ತಿರುಪ್ಪೂರು, ಪೋದನೂರು ಹಾದು ಪಶ್ಚಿಮ ಕರಾವಳಿಯ ಬೇಪೂರ್ ತನಕ ಹಳಿ ಬಿದ್ದಿತ್ತು. ಆಮೇಲೆ 1876-78ರ ಮಹಾ ಬರಗಾಲ. ಹೇರೆತ್ತಿನವರಿಗೆ ದಾರಿಯೂ ಇಲ್ಲ, ಸರಕೂ ಇಲ್ಲ ಅನ್ನುವಂತಾಯಿತು. ಆದರೆ ಅಲೆಯುವುದು ನಿಲ್ಲಲಿಲ್ಲ. ಸರಕಿಲ್ಲದೆ ಅಲೆಯುವವನು ಪೊಲೀಸರ ಕಣ್ಣಿಗೆ ಕಳ್ಳ.

ಉತ್ತರ ಭಾರತಕ್ಕಾಗಿ 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಹಿಂದಿದ್ದ ತರ್ಕ ಸರಳವಾದದ್ದು: ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ. ಇಲ್ಲಿ ಲೊಂಬ್ರೋಸೊನ ತಲೆಬುರುಡೆಯೂ ಬೇಕಿಲ್ಲ, ಜಾತಿಯೇ ಸಾಕು. 1892ರಲ್ಲಿ ಪೊಲೀಸ್ ಅಧಿಕಾರಿ ಮುಲ್ಲಾಲಿ ಮದರಾಸಿನ 'ಅಪರಾಧಿ ವರ್ಗ'ಗಳ ಮೇಲೆ ಪುಸ್ತಕ ಬರೆದ. 1911ರ ಹೊಸ ಕಾಯ್ದೆ ಮದರಾಸಿಗೂ ಬಂತು. ಹೆಸರು ನೋಂದಾಯಿಸು, ಬೆರಳಚ್ಚು ಕೊಡು, ಠಾಣೆಗೆ ಹಾಜರಿ ಹಾಕು. ಕದ್ದದ್ದು ಸಾಬೀತಾಗಬೇಕಿಲ್ಲ, ಹುಟ್ಟಿದ್ದೇ ಸಾಕ್ಷಿ.

ಇದೇ ಕಾಲದ ಕೊಯಮತ್ತೂರು ಜೈಲನ್ನು ನೋಡಿ. 1908ರಲ್ಲಿ ರಾಜದ್ರೋಹದ ಶಿಕ್ಷೆಯಾದ ವ.ಉ. ಚಿದಂಬರಂ ಪಿಳ್ಳೈ ಅಲ್ಲಿ ಎತ್ತಿನ ಬದಲು ಗಾಣ ಎಳೆದರು. ಸರ್ಕಾರದ ಲೆಕ್ಕದಲ್ಲಿ ಅವರೂ ಅಪರಾಧಿಯೇ. ಆದರೆ ಅವರ ಅಪರಾಧಕ್ಕೆ ಕಾರಣ ಅವರ ಮಾತು ಅಂದರು, ಅವರ ಜಾತಿ ಅನ್ನಲಿಲ್ಲ. ಒಬ್ಬನಿಗೆ ಮಾಡಿದ ಕೆಲಸ ಅಪರಾಧ, ಇನ್ನೊಬ್ಬನಿಗೆ ಹುಟ್ಟೇ ಅಪರಾಧ. ಒಂದೇ ಸರ್ಕಾರದ ಕೈಯಲ್ಲಿ ಎರಡು ಸಿದ್ಧಾಂತ.

ಕೊರವರಲ್ಲಿ ಯಾರೂ ಕದಿಯಲೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹಸಿವಿನಿಂದಲೇ ಕದ್ದರು ಅಂದುಬಿಡುವುದೂ ಸುಲಭದ ಉತ್ತರ; ಬರಗಾಲದಲ್ಲಿ ಹಸಿದವರೆಲ್ಲ ಕದಿಯಲಿಲ್ಲ. ನನಗೆ ಹೆಚ್ಚು ಹತ್ತಿರ ಅನ್ನಿಸುವುದು ಹವರ್ಡ್ ಬೆಕರ್ 1963ರಲ್ಲಿ ಹೇಳಿದ್ದು: ಸಮಾಜ ಅಂಟಿಸುವ ಹಣೆಪಟ್ಟಿಯೇ ಒಬ್ಬನನ್ನು 'ಹೊರಗಿನವ'ನನ್ನಾಗಿ ಮಾಡುತ್ತೆ. ದಿನಾ ಹಾಜರಿ ಹಾಕಬೇಕಾದವನಿಗೆ ಕೆಲಸ ಕೊಡುವವರು ಯಾರು?

ಸಾಹಿತ್ಯದವರಿಗೆ ಸಾಕ್ಷಿ ಹೆಸರುಗಳಲ್ಲೇ ಇದೆ. ತಮಿಳುನಾಡಿನ ವಿಮುಕ್ತ ಸಮುದಾಯಗಳ ಪಟ್ಟಿಯಲ್ಲಿ ಇವತ್ತಿಗೂ ಉಪ್ಪು ಕೊರವರ್ ಇದ್ದಾರೆ, ಇಂಜಿ ಕೊರವರ್ ಇದ್ದಾರೆ. ಇಂಜಿ ಅಂದರೆ ಶುಂಠಿ. ಅದೇ ಪಟ್ಟಿಯಲ್ಲಿ 'ದೊಂಗ ಊರ್ ಕೊರಚ' ಅಂತಲೂ ಇದೆ. ತೆಲುಗಿನಲ್ಲಿ ದೊಂಗ ಅಂದರೆ ಕಳ್ಳ. ಒಂದು ಹೆಸರು ಇವರು ಏನು ಮಾರುತ್ತಿದ್ದರು ಅಂತ ಹೇಳಿದರೆ, ಇನ್ನೊಂದು ಇವರ ಬಗ್ಗೆ ಬೇರೆಯವರು ಏನಂದುಕೊಂಡರು ಅಂತ ಹೇಳುತ್ತೆ. ಕಾಯ್ದೆ ಮದರಾಸಿನಲ್ಲಿ 1947ರಲ್ಲಿ, ದೇಶದಲ್ಲಿ 1952ರಲ್ಲಿ ರದ್ದಾಯಿತು. ಆದರೂ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾದದ್ದು 2024ರ ಅಕ್ಟೋಬರ್‌ನಲ್ಲಿ.

ನಮ್ಮ ವಚನ ಪರಂಪರೆಯಲ್ಲಿ ಕನ್ನದ ಮಾರಿತಂದೆ ಇದ್ದಾನೆ. ಮನೆಗೆ ಕನ್ನ ಕೊರೆಯುತ್ತಿದ್ದವನು ಶರಣನಾದ ಅನ್ನುತ್ತಾರೆ. ಅವನ ಕಸುಬು ಹೆಸರಿನಲ್ಲಿ ಉಳಿಯಿತು, ಆದರೆ ಅವನೊಬ್ಬನ ಹೆಸರಿನಲ್ಲಿ ಮಾತ್ರ. ಯಾರೂ ಅದನ್ನು ಒಂದು ಕುಲಕ್ಕೆ ಅಂಟಿಸಲಿಲ್ಲ. ಅಪರಾಧದ ಯಾವ ಸಿದ್ಧಾಂತ ಓದಿದರೂ ಮೊದಲು ಕೇಳಬೇಕಾದದ್ದು ಇದನ್ನೇ: ಅದು ಒಂದು ಕೃತ್ಯವನ್ನು ವಿವರಿಸುತ್ತಾ, ಇಲ್ಲಾ ಇನ್ನೂ ಹುಟ್ಟದ ಮಗುವಿಗೆ ಹೆಸರಿಡುತ್ತಾ?